ಕಾರಿನ ಚೀಟಿ

ಬೈತಖೋಲಿನ ಬಲೆ ಶೆಡ್ಡಿನಲ್ಲಿ ಭಾನುವಾರ
ಹತ್ತು ಜನ, ಚಪ್ಪಲಿ ಹೊರಗೆ ಬಿಟ್ಟು.
ರೂಪೇಶ ತಾಂಡೇಲ ತಾಡಪಾಲು ಎಳೆದ:
ಐವತ್ತೇಳರ ಪ್ಲಿಮತ್, ಸ್ಟೇಷನ್ ವ್ಯಾಗನ್,
ಹದಿನೇಳು ಅಡಿಗೂ ಮಿಕ್ಕಿ,
ಕೆಳಗೆ ಎಳೆಹಸಿರು, ಮೇಲೆ ಹಳೆ ಮಜ್ಜಿಗೆ ಬಿಳಿ,
ಹಿಂದೆರಡು ರೆಕ್ಕೆ, ಇಸ್ವಾಣದ ಬಾಲದ ಹಾಗೆ.
ಮೊದಲ ನಿಮಿಷ ಒಬ್ಬರೂ ಮಾತಾಡಲಿಲ್ಲ.
ಆಮೇಲೆ ಒಬ್ಬರೂ ಸುಮ್ಮನಿರಲಿಲ್ಲ.

ಹುಬ್ಬಳ್ಳಿಯ ಇರ್ಫಾನ್ ಮಿಸ್ತ್ರಿ ಕಿಸೆಯಿಂದ ಅಯಸ್ಕಾಂತ ತೆಗೆದು
ಮೈಗೆಲ್ಲ ಹಚ್ಚುತ್ತ ಹೋದ.
ಹಿಡಿಯಿತು, ಹಿಡಿಯಿತು, ಹಿಡಿಯಿತು,
ಎಡ ಹಿಂಚಕ್ರದ ಮೇಲೆ, ಅಂಗೈಯಗಲ ಜಾಗದಲ್ಲಿ,
ಟಪ್ ಎಂದು ಬಿತ್ತು.
"ಪುಟ್ಟಿ ಐತ್ರೀ ಇಲ್ಲಿ. ಉಳಿದದ್ದು ಅಸಲಿ."

ಅಸಲಿ ಅಂದದ್ದೇ ತಡ, ಹೊತ್ತಿಕೊಂಡಿತು.
ಮಡಗಾಂವಿನ ಎಲ್ವಿನೊ: ಬಣ್ಣ ಮುಟ್ಟಿದರೆ ಪಾಪ,
ಗೀರು ಗೀರಾಗಿಯೇ ಇರಲಿ.
ಬೆಳಗಾವಿಯ ಕಿತ್ತೂರಮಠ ಮೇಡಂ:
ಹಾಗಾದರೆ ನಿಮ್ಮ ಹಲ್ಲಿಗೆ ಸಿಮೆಂಟು ಯಾಕೆ ತುಂಬಿಸಿದಿರಿ?
ಶಿರಸಿಯ ಗಜಾನನ ಭಟ್ಟರು, ಸ್ವಂತಕ್ಕೆ ಇರುವುದೊಂದು ಮೊಪೆಡ್ಡು,
ಕೆಟಲಾಗು ಬಿಚ್ಚಿ ತೀರ್ಪು ಕೊಟ್ಟರು:
ಚಕ್ರದ ಟೋಪಿ ಆ ವರ್ಷದ್ದಲ್ಲ, ಮರುವರ್ಷದ್ದು.
ಎಲ್ಲರೂ ಬಗ್ಗಿ ನೋಡಿದರು.
ಭಟ್ಟರ ಮುಖದಲ್ಲಿ ನೂರು ಎಲೆ ಊಟ ಮುಗಿಸಿದ ಸಮಾಧಾನ.

ಗಾಡಿಯಡಿ ನುಸುಳಿದ ಇರ್ಫಾನ್ ಮೂಗು ಹಿಡಿದು ಎದ್ದ.
ತಾಂಡೇಲ ನಕ್ಕ: ಮಳೆಗಾಲದ ಮೊದಲು
ಅಪ್ಪ ದೋಣಿಗೆ ಬಳಿದ ದಿನವೇ ಇದಕ್ಕೂ ಬಳಿಯುತ್ತಿದ್ದ,
ತಾರ್ಲೆ ಎಣ್ಣೆ. ಅವನಿಗೆ ಎರಡೂ ಒಂದೇ.
ಉಪ್ಪುಗಾಳಿ ಪ್ರತಿ ವರ್ಷ ಬಂದು ನೆಕ್ಕಿ,
ಮುಖ ಸಿಂಡರಿಸಿ ವಾಪಸು ಹೋಗಿದೆ.

ನಾನು ಮೂಲೆಯ ಐಸ್ ಪೆಟ್ಟಿಗೆಯ ಮೇಲೆ ಕೂತಿದ್ದೆ.
ಹೊನ್ನಪ್ಪ ಅಂಬಿಗ, ವಯಸ್ಸು ಎಂಬತ್ತೊಂದು,
ಕಾಳಿ ದಾಟುವ ಬಾರ್ಜಿನಲ್ಲಿ ಚೀಟಿ ಹರಿಯುತ್ತಿದ್ದವನು.
ಇದರ ಬಗ್ಗೆ ಈ ಜಿಲ್ಲೆಯ ಮೊದಲ ಅಭಿಪ್ರಾಯ
ನನ್ನದು.

ಅರವತ್ಮೂರು, ಮೇ ತಿಂಗಳು. ಸದಾಶಿವಗಡದ ದಕ್ಕೆಯಲ್ಲಿ
ದೊತೋರ್ ಕಾಯ್ತಾನ್ ಇದನ್ನು ಬಾರ್ಜಿಗೆ ಹತ್ತಿಸಿದರು.
ಕಾರಿಗೆ ಎರಡು ರೂಪಾಯಿ, ಲಾರಿಗೆ ಐದು.
ಮುಂದೆ ನಿಂತು ನೋಡಿದೆ: ಕಾರು.
ಹಿಂದೆ ಹೋಗಿ ನೋಡಿದೆ: ಸುರುಳಿ ಸುತ್ತಿದ ಹಾಸಿಗೆ,
ಹೊಲಿಗೆ ಮಶಿನ್, ಬುಟ್ಟಿಯಲ್ಲಿ ಎರಡು ಕೋಳಿ,
ಹಿಂದಕ್ಕೇ ಮುಖ ಮಾಡಿದ ಸೀಟಿನಲ್ಲಿ ಒಬ್ಬಳು ಅಜ್ಜಿ,
ಬಿಟ್ಟು ಬಂದ ದಿಕ್ಕನ್ನು ರೆಪ್ಪೆ ಹೊಡೆಯದೆ ನೋಡುತ್ತ.
ಎರಡೂ ಚೀಟಿ ಪುಸ್ತಕ ಕೈಯಲ್ಲಿ ಹಿಡಿದು
ನಡುಹೊಳೆಯ ತನಕ ಯೋಚಿಸಿದೆ.
ವಯಸ್ಸು ಹತ್ತೊಂಬತ್ತು. ಅಂಥ ಹಸಿರನ್ನು
ಲಾರಿ ಅನ್ನಲು ಬಾಯಿ ಬರಲಿಲ್ಲ.
ಕಾರಿನ ಚೀಟಿ ಹರಿದೆ.
ಲಾರಿಯೋ ಇದು, ಲಾರಿ! ಎಂದು ಕೂಗಿ
ಮೇಸ್ತ್ರಿ ಬೋರಕರ್ ಉಳಿದ ಮೂರು ರೂಪಾಯಿ
ನನ್ನ ಪಗಾರದಲ್ಲಿ ಮುರಿದ.

ಇಳಿಸುವಾಗ ಹಲಗೆ ಜಾರಿತು. ಸರಪಳಿಯ ಕೊಂಡಿ ಬಡಿದು
ಎಡ ಹಿಂಚಕ್ರದ ಮೇಲೆ ಅಂಗೈಯಗಲ ತಗ್ಗು.
ಸರಪಳಿ ಹಿಡಿಯಬೇಕಾದವನು
ರೆಕ್ಕೆ ನೋಡುತ್ತಿದ್ದೆ.
ಅದನ್ನು ಈವತ್ತೂ ಹೇಳಲಿಲ್ಲ.

ಸೇತುವೆ ಬಂತು, ಬಾರ್ಜು ನಿಂತಿತು.
ಒಂದು ರಾತ್ರಿ ಆ ಸೇತುವೆಯೂ ಬಿತ್ತು.
ಗಾಡಿ ಇಲ್ಲಿದೆ, ಪುಟ್ಟಿ ಸಮೇತ.

"ನಿಮಗೇನು ಅನ್ನಿಸುತ್ತದೆ ಅಜ್ಜಾ?" ಮೇಡಂ ಕೇಳಿದರು.
ಹಿಂದೆ ಕೂರುತ್ತೇನೆ, ಅಂದೆ.
ಇಬ್ಬರು ಹಿಡಿದು ಹತ್ತಿಸಿದರು.
ತಾಂಡೇಲ ಗುಂಡಿ ಒತ್ತಿದ, ಗೇರ್ ಬಿತ್ತು,
ಶೆಡ್ಡು ನನ್ನಿಂದ ಹಿಂದೆ ಸರಿಯಿತು,
ಬಾಗಿಲಲ್ಲಿ ಆ ಎಲ್ಲರೂ, ಸಣ್ಣಗಾಗುತ್ತ, ಇನ್ನೂ ಜಗಳಾಡುತ್ತ,
ಭಟ್ಟರ ಕೈಯಲ್ಲಿ ಕೆಟಲಾಗಿನ ಹಾಳೆ ಪಟಪಟ.
ಬಂದರಿನ ರಸ್ತೆಯ ಮೊದಲ ಹೊಂಡಕ್ಕೆ
ಅಂಗೈ ಎತ್ತರ ಹಾರಿ ಬಿದ್ದೆ. ಎರಡನೆಯದಕ್ಕೆ ಸೊಂಟ ಕಟ್ ಅಂದಿತು.
ಬೋರಕರ್, ನೀನೆಲ್ಲಿದ್ದೀಯೋ ಗೊತ್ತಿಲ್ಲ.
ಲಾರಿಯೇ ಮಾರಾಯಾ.